ಸ್ಥಾನವೊಂದೇ ಸಾಲದು

‘ವಿವಿಧತೆಯಲ್ಲಿ ಏಕತೆ’ ಎಂಬ ಮಾತನ್ನು ನಾವು ಭಾಷಣಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಗಣರಾಜ್ಯೋತ್ಸವದಂದು ನಾನಾ ಪ್ರಾಂತಗಳ, ನಾನಾ ಧರ್ಮಗಳ ವೇಷ ತೊಟ್ಟ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚಪ್ಪಾಳೆ ತಟ್ಟುತ್ತೇವೆ. ನೋಟವೇನೋ ಚೆಂದ. ಆದರೆ ವೇಷ ಕಳಚಿದ ಮೇಲೆ ಆ ಮಕ್ಕಳೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಬುತ್ತಿ ಬಿಚ್ಚುವರೆ? ಸಮಾನತೆಯ ನಿಜವಾದ ಪರೀಕ್ಷೆ ಅಲ್ಲಿದೆ.

ಈ ಪಾಠವನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಕೊಲ್ಹಾಪುರದ ರಾಜರ್ಷಿ ಶಾಹೂ ಮಹಾರಾಜರು 1902ರ ಜುಲೈ 26ರಂದು ತಮ್ಮ ಸಂಸ್ಥಾನದ ನೌಕರಿಗಳಲ್ಲಿ ತೆರವಾಗುವ ಸ್ಥಾನಗಳ ಪೈಕಿ ನೂರಕ್ಕೆ 50ನ್ನು ಹಿಂದುಳಿದವರಿಗಾಗಿ ಕಾದಿರಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಬರಿಯ ಕಾಗದದ ಆಜ್ಞೆಯಾಗಿ ಉಳಿಯುತ್ತಿತ್ತು. ಅಕ್ಷರ ಕಲಿಯದವನಿಗೆ ನೌಕರಿ ಕಾದಿರಿಸಿ ಫಲವೇನು? ಹಳ್ಳಿಯಿಂದ ಬಂದ ಬಡ ಹುಡುಗನಿಗೆ ಇರಲು ನೆಲೆಯಿಲ್ಲದಿದ್ದರೆ ಅವನು ಓದುವುದೆಂತು? ಇದನ್ನರಿತ ಮಹಾರಾಜರು ಮರಾಠಾ, ಜೈನ, ಲಿಂಗಾಯತ, ಮುಸ್ಲಿಮ್, ಅಸ್ಪೃಶ್ಯ ಹೀಗೆ ಎಲ್ಲ ಸಮಾಜಗಳ ವಿದ್ಯಾರ್ಥಿಗಳ ವಸತಿಗೃಹಗಳಿಗೆ ನೆರವಾದರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಹಾಗೂ ಕಡ್ಡಾಯಗೊಳಿಸಿದರು. 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ, ಆ ಮಕ್ಕಳನ್ನು ಎಲ್ಲರ ಶಾಲೆಗಳಿಗೆ ಸೇರಿಸಿದರು.

ಇಷ್ಟಾದರೂ ಜನರ ಮನಸ್ಸು ಬದಲಾಗಬೇಕಲ್ಲ! ಅಸ್ಪೃಶ್ಯರೆನಿಸಿದ್ದ ಗಂಗಾರಾಮ ಕಾಂಬಳೆಯವರು ಮಹಾರಾಜರ ನೆರವಿನಿಂದ ಕೊಲ್ಹಾಪುರದಲ್ಲಿ ಚಹಾದಂಗಡಿ ತೆರೆದಾಗ ಮೇಲ್ಜಾತಿಯವರು ಅತ್ತ ಸುಳಿಯಲಿಲ್ಲ. ಆಗ ಮಹಾರಾಜರು ತಾವೇ ಗಾಡಿ ನಿಲ್ಲಿಸಿ ಅಲ್ಲಿ ಚಹಾ ಕುಡಿದರು, ಜೊತೆಗಿದ್ದವರಿಗೂ ಕುಡಿಸಿದರು. ಆಜ್ಞೆಯಿಂದ ಸ್ಥಾನ ಸಿಕ್ಕೀತು. ಮಾನ ಸಿಗಬೇಕಾದರೆ ಬಲ್ಲಿದರು ತಾವಾಗಿ ಮುಂದೆ ಬರಬೇಕು ಎಂಬುದನ್ನು ಅವರು ನಡೆದು ತೋರಿಸಿದರು.

ಇಂದಿನ ನಮ್ಮ ನಡೆ ಹೇಗಿದೆ? ಮಹಾರಾಷ್ಟ್ರದ ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಆದರೆ ಸಹಿ ಹೆಂಡತಿಯದು, ಮಾತು ಗಂಡನದು ಎಂಬಂತಾದರೆ ಗಡಹಿಂಗ್ಲಜ ತಾಲೂಕಿನ ಹಳ್ಳಿಯಾಗಲಿ, ಬೇರೆಲ್ಲಿಯ ಹಳ್ಳಿಯಾಗಲಿ, ಆ ಸ್ಥಾನ ಹೆಸರಿಗಷ್ಟೇ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಸ್ತ್ರೀಯರ ದೂರು ಕೇಳಲು ಸಮಿತಿ ಇರಬೇಕೆಂದು 2013ರ ಕಾಯದೆ ವಿಧಿಸಿದೆ. ಇಚಲಕರಂಜಿಯ ಯಂತ್ರಮಗ್ಗದ ಕಾರಖಾನೆಯೊಂದರ ಗೋಡೆಗೆ ಸಮಿತಿಯ ಫಲಕ ತೂಗುಹಾಕಿ, ದೂರು ಕೊಟ್ಟವಳನ್ನು ಮರುದಿನವೇ ಕೆಲಸದಿಂದ ಬಿಡಿಸಿದರೆ ಆ ಫಲಕಕ್ಕೆ ಬೆಲೆಯೇನು?

ಹಾಗಾದರೆ ಮೀಸಲಾತಿಯೂ ಸಮಿತಿಯೂ ಬೇಡವೆಂದು ಕೆಲವರು ಹೇಳಿಯಾರು. ಅದು ತಪ್ಪು. ಬಾಗಿಲು ತೆರೆಯದೆ ಒಳಗೆ ಬರುವುದೆಂತು? ಆದರೆ ಬಾಗಿಲು ತೆರೆದು, ಬಂದವನನ್ನು ಹೊಸ್ತಿಲಲ್ಲೇ ನಿಲ್ಲಿಸುವುದು ಸತ್ಕಾರವಲ್ಲ. ಬಂದವನಿಗೆ ಕಲಿಯಲು ನೆರವು ಬೇಕು, ನಿರ್ಣಯದಲ್ಲಿ ಪಾಲು ಬೇಕು, ನಿರ್ಭಯವಾಗಿ ‘ಇಲ್ಲ’ ಎನ್ನುವ ಅವಕಾಶ ಬೇಕು.

ವಿದ್ಯಾರ್ಥಿ ಮಿತ್ರರೇ, ನಾಳೆ ನಿಮ್ಮಲ್ಲಿ ಕೆಲವರು ಅಧಿಕಾರಿಗಳಾಗುವಿರಿ, ಕೆಲವರು ಮಾಲೀಕರಾಗುವಿರಿ. ನಿಮ್ಮಲ್ಲಿ ಎಷ್ಟು ಬಗೆಯ ಜನರಿದ್ದಾರೆಂದು ಎಣಿಸಿ ತೃಪ್ತರಾಗಬೇಡಿ. ಅವರಲ್ಲಿ ಎಷ್ಟು ಜನರ ಮಾತು ನಡೆಯುತ್ತದೆಂಬುದನ್ನು ನೋಡಿರಿ.