ಬಾಳೆಹೂವಿನ ಸಿಪ್ಪೆ ಮತ್ತು ಸಂಡೂರಿನ ಅದಿರು

ಕೆಮಿಸ್ಟ್ರಿಗೂ ನನಗೂ ಇಂಜಿನಿಯರಿಂಗ್ ಮೊದಲ ವರ್ಷಕ್ಕೇ ಋಣ ತೀರಿತ್ತು. ಆಮೇಲೆ ಕೋಡ್ ಬರೆಯೋದೇ ಕಸುಬು. ಆದ್ರೂ ಇತ್ತೀಚೆಗೆ ‘ಹಸಿರು ದ್ರಾವಕ’ಗಳ ಬಗ್ಗೆ ಓದ್ತಾ ಹೋದಾಗ ನೆನಪಾದದ್ದು ಹೊಸಪೇಟೆ, ಹಂಪಿ ಸುತ್ತಲಿನ ಬಾಳೆತೋಟಗಳು. ವಿಜಯನಗರದ ಕಾಲದ ತುರ್ತು ಕಾಲುವೆಯ ನೀರು ಇವತ್ತಿಗೂ ಅಲ್ಲಿ ಹರಿಯುತ್ತೆ.

ಗೊನೆ ಕಾಯಿ ಕಟ್ಟಿದ ಮೇಲೆ ತುದಿಯ ಹೂವನ್ನ ಕತ್ತರಿಸ್ತಾರೆ. ಒಳಗಿನ ಎಳೆ ಭಾಗ ಪಲ್ಯಕ್ಕೆ, ಮೇಲಿನ ಕೆಂಪು ಸಿಪ್ಪೆ ತಿಪ್ಪೆಗೆ. ಆ ಸಿಪ್ಪೆಗೆ ಬಣ್ಣ ಕೊಡೋದು ಆಂಥೋಸಯಾನಿನ್. ನೇರಳೆಹಣ್ಣಿನಲ್ಲಿರೋದೂ ಇದೇ ಜಾತಿಯ ಆಂಟಿಆಕ್ಸಿಡೆಂಟ್. ಅದನ್ನ ಹೊರತೆಗೆಯೋಕೆ ಲ್ಯಾಬುಗಳಲ್ಲಿ ಮೆಥನಾಲ್ ಬಳಸೋದುಂಟು. ಅದೋ, ಕಣ್ಣು ಕಳೆಯೋ ವಿಷ. ಅದರ ಬದಲು ನೀರು, ಎಥನಾಲ್, ಚೂರು ಸಿಟ್ರಿಕ್ ಆಮ್ಲ ಬಳಸಿದರೂ ಕೆಲಸ ಆಗುತ್ತೆ. ಇದೇ ಹಸಿರು ದ್ರಾವಕ! ಕಷಾಯ ಕುದಿಸೋ ಅಜ್ಜಿ ಕೇಳಿದ್ರೆ ನಗ್ತಾಳೆ :) ಎಥನಾಲ್ ಬರೋದು ಕಬ್ಬಿನ ಕಾಕಂಬಿಯಿಂದ, ಕಬ್ಬಂತೂ ಕಂಪ್ಲಿ ಸೀಮೆಗೆ ಹೊಸತಲ್ಲ.

ನನ್ನ ತಕರಾರು ಇರೋದು ಇಲ್ಲಿ. ದ್ರಾವಕ ಹಸಿರಾದ ಮಾತ್ರಕ್ಕೆ ಇಡೀ ಕೆಲಸ ಹಸಿರಾಗಲ್ಲ. 1998ರಲ್ಲಿ ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ ಹಸಿರು ರಸಾಯನಶಾಸ್ತ್ರಕ್ಕೆ 12 ಸೂತ್ರ ಕೊಟ್ಟರು. ಸುರಕ್ಷಿತ ದ್ರಾವಕ ಬಳಸಿ ಅನ್ನೋದು 5ನೆಯದು. ಅದರ ಬೆನ್ನಿಗೇ ಇರೋ 6ನೆಯದು ಶಕ್ತಿ ಉಳಿಸಿ ಅನ್ನುತ್ತೆ. ಸಿಪ್ಪೆಯಲ್ಲಿ ಬಹುಪಾಲು ನೀರೇ. ಕತ್ತರಿಸಿಟ್ಟರೆ ಬೇಗ ಕಪ್ಪಾಗುತ್ತೆ, ಬಣ್ಣವೂ ಹಾಳು. ಅದನ್ನ ಲಾರಿಗೆ ತುಂಬಿ 300 ಕಿ.ಮೀ.ಗೂ ದೂರದ ಬೆಂಗಳೂರಿಗೆ ಸಾಗಿಸಿದ್ರೆ, ನಾವು ಡೀಸೆಲ್ ಸುಟ್ಟು ನೀರು ಹೊತ್ತ ಹಾಗೆ.

ಜೊತೆಗೆ ಇನ್ನೊಂದು ಮಾತು. ಸಂಡೂರಿನ ಅದಿರು ಲಾರಿ ಲಾರಿ ಹೊರಗೆ ಹೋಯ್ತು, ಊರಿಗೆ ಉಳಿದದ್ದು ಕೆಂಪು ಧೂಳು. 2011ರಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿಯ ಗಣಿಗಾರಿಕೆಯನ್ನ ತಡೆಯಬೇಕಾಯ್ತು. ಬಾಳೆಯ ಕಸವೂ ಹಾಗೇ ಕಚ್ಚಾ ಮಾಲಾಗಿ ಹೋಗಬೇಕಾ? ಹೊಳೆಯ ಆಚೆ ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್‌ನ ಹೆಣ್ಣುಮಕ್ಕಳು ಬಾಳೆ ನಾರಿನಲ್ಲಿ ಬುಟ್ಟಿ, ಚೀಲ ಮಾಡಿ ತೋರಿಸಿದ್ದಾರೆ. ಕಸದ ಬೆಲೆ ಊರಲ್ಲೇ ಹುಟ್ಟಬಹುದು.

ಎಥನಾಲ್ ಇಡೋಕೆ ಅಬಕಾರಿ ಅನುಮತಿ ಬೇಕು, ಬೆಂಕಿಯ ಭಯವೂ ಇದೆ, ನಿಜ. ಆದ್ರೆ ಆಂಥೋಸಯಾನಿನ್ ನೀರಲ್ಲೇ ಕರಗುತ್ತಲ್ವಾ? ರೈತರ ಗುಂಪು ತೋಟದ ಹತ್ತಿರವೇ ಸಿಪ್ಪೆ ಅರೆದು, ಸಿಟ್ರಿಕ್ ಆಮ್ಲದ ನೀರಲ್ಲಿ ನೆನೆಸಿ ಸೋಸಲಿ. ಚರಟ ಗೊಬ್ಬರಕ್ಕೆ. ರಸವನ್ನ ಗಟ್ಟಿ ಮಾಡಿ, ಕೀಟನಾಶಕದ ಅಂಶ ಇದೆಯಾ ಅಂತ ಪರೀಕ್ಷಿಸಿ, ಆಹಾರದ ಬಣ್ಣಕ್ಕೆ ಮಾರಲಿ.

ಮಾತ್ರೆ ಮಾಡಿ ಮಾತ್ರ ಬೇಡ. ಆಂಟಿಆಕ್ಸಿಡೆಂಟ್ ಅಂದ ಕೂಡಲೇ ಅಮೃತ ಅಲ್ಲ. 1994ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲಿ ಬೀಟಾ ಕ್ಯಾರೊಟೀನ್ ಮಾತ್ರೆ ನುಂಗಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೇ ಆಗಿತ್ತು.

ನಿಮ್ಮೂರಲ್ಲಿ ತಿಪ್ಪೆ ಸೇರ್ತಿರೋದು ಏನು? ದಾಳಿಂಬೆ ಸಿಪ್ಪೆಯಾ, ಅರಿಶಿನದ ಎಲೆಯಾ? ಬರೀರಿ, ಲೆಕ್ಕ ಹಾಕೋಣ.