ದಂಡ ಕಂಪನಿಗೆ, ಬೋನಸ್ ಮ್ಯಾನೇಜರಿಗೆ

ಕಾರವಾರ, ಅಂಕೋಲಾ ತಾಲೂಕುಗಳಲ್ಲಿ ರಸ್ತೆ, ಮೋರಿ, ಸೇತುವೆ ಎಂದು ನಾನು ಓಡಾಡಿದ ವರ್ಷಗಳಲ್ಲಿ, ಟೆಂಡರ್ ಪೆಟ್ಟಿಗೆ ತೆರೆದ ಕೂಡಲೇ ಕೆಲವೊಮ್ಮೆ ಒಳಗಿನ ಕತೆ ಗೊತ್ತಾಗಿಬಿಡುತ್ತಿತ್ತು. ಮೂವರು ಗುತ್ತಿಗೆದಾರರ ಇಎಂಡಿ ಡಿಡಿಗಳು ಒಂದೇ ಬ್ಯಾಂಕಿನವು, ಒಂದೇ ದಿನದವು, ನಂಬರುಗಳೂ ಒಂದರ ಹಿಂದೆ ಒಂದು. ಇದು ರಿಂಗ್. 2002ರ ಸ್ಪರ್ಧಾ ಕಾಯ್ದೆ ನಿಷೇಧಿಸಿರುವುದು ಇಂಥದ್ದನ್ನೇ. ಸಣ್ಣ ಗುತ್ತಿಗೆದಾರ ಸಿಕ್ಕಿಬಿದ್ದರೆ ಹೋಗುವುದು ಅವನದೇ ಹಣ, ಅವನದೇ ಲೈಸೆನ್ಸ್. ದೊಡ್ಡ ಕಂಪನಿಯಲ್ಲಿ ದರ ಮಾತಾಡಿಕೊಳ್ಳುವವರು ಬೇರೆ, ದಂಡ ತೆರುವವರು ಬೇರೆ.

ಬಿಯರ್ ಕಂಪನಿಗಳ ಪ್ರಕರಣ ನೋಡಿ. (ಮಠದ ಪತ್ರಿಕೆಯಲ್ಲಿ ಬಿಯರ್ ಯಾಕೆ ಎಂದು ಹುಬ್ಬೇರಿಸಬೇಡಿ, ನನ್ನ ಪ್ರಶ್ನೆ ಕುಡಿತದ್ದಲ್ಲ.) 2021ರ ಸೆಪ್ಟೆಂಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್ ಇಂಡಿಯಾಕ್ಕೆ ಸುಮಾರು 121 ಕೋಟಿ ರೂಪಾಯಿ ದಂಡ ಹಾಕಿತು. 2009ರಿಂದ 2018ರವರೆಗೆ, ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಬೆಲೆಯ ಬಗ್ಗೆ ಒಳಗೊಳಗೇ ಹೊಂದಾಣಿಕೆ ನಡೆದಿತ್ತು ಎಂಬುದು ಆಯೋಗದ ತೀರ್ಮಾನ. ಮೊದಲು ಬಾಯಿಬಿಟ್ಟ ಎಬಿ ಇನ್‌ಬೆವ್‌ಗೆ ಪೂರ್ತಿ ವಿನಾಯಿತಿ ಸಿಕ್ಕಿತು. 2022ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆದೇಶವನ್ನು ಎತ್ತಿಹಿಡಿಯಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಯಿತು. ಆಯೋಗ ಕೆಲವು ಅಧಿಕಾರಿಗಳಿಗೂ ವೈಯಕ್ತಿಕ ದಂಡ ಹಾಕಿತು. ಅದು ಒಳ್ಳೆಯದೇ, ಆದರೆ ಸಾಲದು.

ಲೆಕ್ಕ ಹಾಕಿ. ಒಬ್ಬ ಮ್ಯಾನೇಜರಿನ ಸಂಬಳದ ದೊಡ್ಡ ಪಾಲು ಟಾರ್ಗೆಟ್‌ಗೆ ಕಟ್ಟಿದ ಬೋನಸ್. ಎದುರಾಳಿಯ ಜೊತೆ ಫೋನಿನಲ್ಲಿ ಎರಡು ಮಾತಾಡಿದರೆ ಟಾರ್ಗೆಟ್ ತಾನಾಗಿ ಮುಟ್ಟುತ್ತದೆ, ಬಡ್ತಿಯೂ ಬರುತ್ತದೆ. 2023ರ ತಿದ್ದುಪಡಿಯ ನಂತರವೂ ಅವನಿಗೆ ಬೀಳಬಹುದಾದ ದಂಡ, ಕೂಟ ನಡೆದ ಒಂದೊಂದು ವರ್ಷಕ್ಕೆ ಆದಾಯದ ಶೇ. 10ರವರೆಗೆ ಮಾತ್ರ. ಉಳಿದ ಶೇ. 90 ಅವನಲ್ಲೇ ಉಳಿಯಿತು. ಪ್ರಕರಣ ಇತ್ಯರ್ಥವಾಗುವ ಹೊತ್ತಿಗೆ ಅವನು ಇನ್ನೊಂದು ಕಂಪನಿಯಲ್ಲಿರುತ್ತಾನೆ. ಅಮೆರಿಕದಲ್ಲಿ ಇದಕ್ಕೆ 10 ವರ್ಷದವರೆಗೆ ಜೈಲಿದೆ. ಬ್ರಿಟನ್ನಿನಲ್ಲಿ 15 ವರ್ಷದವರೆಗೆ ನಿರ್ದೇಶಕನ ಹುದ್ದೆ ಹಿಡಿಯದಂತೆ ತಡೆಯಬಹುದು.

ನಾವು ಸರ್ಕಾರಿ ಇಂಜಿನಿಯರುಗಳು ಎಂ.ಬಿ. ಪುಸ್ತಕದಲ್ಲಿ ಅಳತೆ ಬರೆದು ಸಹಿ ಹಾಕುತ್ತಿದ್ದೆವು. ಆ ಸಹಿಯಿಂದ ಸರ್ಕಾರಕ್ಕೆ ನಷ್ಟವಾಗಿದೆ ಎಂದು ವಿಚಾರಣೆಯಲ್ಲಿ ಸಾಬೀತಾದರೆ ಪೆನ್ಷನ್ನಿನಿಂದಲೂ ವಸೂಲಿ ಮಾಡಲು ನಿಯಮವಿದೆ. ಮೇಲಿನವರು ಹೇಳಿದರು ಎಂದರೆ ನಡೆಯುತ್ತಿರಲಿಲ್ಲ. ಕಂಪನಿಯಲ್ಲಿ ತಿರುಗಾಮುರುಗಾ. ಅಲ್ಲಿ ಮೇಲಿನವನೇ ಕೆಳಗಿನವನತ್ತ ಬೆರಳು ತೋರಿಸುತ್ತಾನೆ. ನನಗೆ ತಿಳಿಯದೆ ನಡೆಯಿತು ಎಂದು ಸಾಬೀತುಪಡಿಸಿದರೆ 48ನೇ ಕಲಂ ಅವನನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಬಿರುಸಿನ ಟಾರ್ಗೆಟ್ ಕೊಟ್ಟು, ಅದು ಹೇಗೆ ಮುಟ್ಟಿತೆಂದು ಕೇಳದಿರುವುದೇ ಅವನಿಗೆ ಕ್ಷೇಮ.

ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ತಿರುಗಿ ಚೆಲ್ಲಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕತೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಹುಬ್ಬಳ್ಳಿ, ಬೆಂಗಳೂರಿನಿಂದ ರಜೆಗೆ ಬಂದ ಮಗನನ್ನು ಮಾತ್ರ ಬೋನಸ್ ಎಷ್ಟು ಬಂತೆಂದಷ್ಟೇ ಕೇಳುತ್ತೇವೆ.

ಕಾಯ್ದೆಯಲ್ಲಿ ನನಗೆ ಬೇಕಾದದ್ದು ಹೆಚ್ಚೇನಲ್ಲ. ಕೂಟ ನಡೆದ ವರ್ಷಗಳ ಬೋನಸ್ ಪೂರ್ತಿ ವಾಪಸು ಬರಲಿ. ಅಧಿಕಾರಿಯ ದಂಡವನ್ನು ಕಂಪನಿ ತುಂಬಿಕೊಡುವುದನ್ನು ಸ್ಪಷ್ಟವಾಗಿ ನಿಷೇಧಿಸಲಿ. ಟಾರ್ಗೆಟ್ ಇಟ್ಟವನು, ಅದು ಹೇಗೆ ಮುಟ್ಟಿತೆಂದು ತಾನು ವಿಚಾರಿಸಿದ್ದಕ್ಕೆ ವರ್ಷ ವರ್ಷವೂ ಬರಹದಲ್ಲಿ ಸಹಿ ಹಾಕಲಿ, ನಾವು ಎಂ.ಬಿ.ಗೆ ಹಾಕಿದಂತೆ.