‘ಅಂಚೆ ವೆಚ್ಚ ಪ್ರತ್ಯೇಕ’ ಎಂಬ ಮಾತಿನ ನ್ಯಾಯಾನ್ಯಾಯ

ಕನ್ನಡ ಪುಸ್ತಕಗಳ ಹಳೆಯ ಜಾಹೀರಾತುಗಳನ್ನು ಓದಿದವರಿಗೆ ಎರಡು ಸಾಲುಗಳು ಚಿರಪರಿಚಿತ. ಒಂದು, ‘ಅಂಚೆ ವೆಚ್ಚ ಪ್ರತ್ಯೇಕ’. ಇನ್ನೊಂದು, ‘ಅಂಚೆ ವೆಚ್ಚ ನಮ್ಮದು’. ಅಂದು ಈ ಎರಡರ ನಡುವಿನ ಅಂತರ ಕೆಲವೇ ರೂಪಾಯಿಗಳಷ್ಟಿತ್ತು. ಓದುಗ ಅದರ ಬಗ್ಗೆ ಹೆಚ್ಚು ಯೋಚಿಸುತ್ತಿರಲಿಲ್ಲ. ಇಂದು ಅಂತರ್ಜಾಲದಲ್ಲಿ ಹಳೆಯ ಪುಸ್ತಕ ಕೊಳ್ಳಲು ಹೊರಟವನು ಮೊದಲು ಯೋಚಿಸಬೇಕಾದದ್ದೇ ಅದರ ಬಗ್ಗೆ. ಪುಸ್ತಕದ ಬೆಲೆ 60 ರೂಪಾಯಿ, ಅದನ್ನು ತಲುಪಿಸುವ ವೆಚ್ಚ 90 ರೂಪಾಯಿ ಎಂಬಂಥ ಲೆಕ್ಕ ಈಗ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಮೂಗಿಗಿಂತ ಮೂಗುತಿಯೇ ಭಾರವಾಗಿದೆ.

ಇದಕ್ಕೆ ಕಾರಣ ಸರಳ. ಪುಸ್ತಕ ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆ, ತೂಕ ಇಳಿಯುವುದಿಲ್ಲ. 400 ರೂಪಾಯಿಯ ಹೊಸ ಪುಸ್ತಕಕ್ಕೆ 60 ರೂಪಾಯಿ ಸಾಗಣೆ ವೆಚ್ಚವಾದರೆ ಅದು ಬೆಲೆಯ ಶೇ 15. ಅದೇ ಪುಸ್ತಕ ಕೈಬದಲಾಗಿ 80 ರೂಪಾಯಿಗೆ ಬಂದಾಗ ಶೇ 75. ಆದ್ದರಿಂದ ಅಂಚೆ ದರ ಸ್ವಲ್ಪ ಏರಿದರೂ ಹೊಸ ಪುಸ್ತಕದ ವ್ಯಾಪಾರಕ್ಕೆ ತಗುಲುವುದಕ್ಕಿಂತ ಹೆಚ್ಚಿನ ಪೆಟ್ಟು ಹಳೆಯ ಪುಸ್ತಕದ ವ್ಯಾಪಾರಕ್ಕೆ ತಗುಲುತ್ತದೆ. ದೊಡ್ಡ ಮಾರಾಟಗಾರನಿಗೆ ಕೊರಿಯರ್ ಸಂಸ್ಥೆಯ ಜೊತೆ ಸಗಟು ದರದ ಒಪ್ಪಂದವಿರುತ್ತದೆ. ಮನೆಯ ಕಪಾಟಿನಿಂದ ನಾಲ್ಕು ಪುಸ್ತಕ ಮಾರುವ ನಿವೃತ್ತ ಶಿಕ್ಷಕನಿಗಾಗಲಿ, ಪರೀಕ್ಷೆ ಮುಗಿದ ಮೇಲೆ ಪಠ್ಯಗಳನ್ನು ಮಾರುವ ವಿದ್ಯಾರ್ಥಿಗಾಗಲಿ ಅಂಥ ಅನುಕೂಲವಿಲ್ಲ.

ಇದೇನು ಮಹಾ ವಿಷಯ ಎಂದು ಕೇಳುವವರಿರಬಹುದು. ಬೆಂಗಳೂರಿನಲ್ಲಿರುವವರಿಗೆ ಅವೆನ್ಯೂ ರಸ್ತೆಯಿದೆ, ಚರ್ಚ್ ಸ್ಟ್ರೀಟ್ ಇದೆ. ಕೈಗೆತ್ತಿಕೊಂಡು, ಪುಟ ತಿರುವಿ, ಚೌಕಾಸಿ ಮಾಡಿ ಕೊಳ್ಳಬಹುದು. ಬೀದರ್‌ನ, ಚಾಮರಾಜನಗರದ, ಕಾರವಾರದ ಓದುಗನಿಗೆ ಆ ಭಾಗ್ಯವಿಲ್ಲ. ಮರುಮುದ್ರಣ ಕಾಣದ ಕನ್ನಡ ಕೃತಿಗಳು ಅಸಂಖ್ಯ. ಅವು ಬದುಕಿರುವುದು ಗ್ರಂಥಾಲಯಗಳಲ್ಲಿ ಮತ್ತು ಕೈಯಿಂದ ಕೈಗೆ ದಾಟುವ ಹಳೆಯ ಪ್ರತಿಗಳಲ್ಲಿ ಮಾತ್ರ. ಗಳಗನಾಥರು ತಮ್ಮ ಪುಸ್ತಕಗಳ ಹೊರೆ ಹೊತ್ತು ಊರೂರು ಅಲೆದು ಮಾರಿದ್ದನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಓದುಗನ ಸಾಗಣೆ ವೆಚ್ಚವನ್ನು ಅವರು ತಮ್ಮ ಹೆಗಲ ಮೇಲೆ ಹೊತ್ತಿದ್ದರು. ಆ ಹೊರೆಯನ್ನು ಈಗ ಯಾರು, ಎಷ್ಟು ಹೊರಬೇಕು ಎಂಬುದೇ ಪ್ರಶ್ನೆ.

ಎರಡು ಬೆಲೆಗಳ ಆಟ

ಈ ಪ್ರಶ್ನೆಗೆ ಎರಡು ಮುಖಗಳಿವೆ. ಮೊದಲನೆಯದು ಕೊಳ್ಳುವವನ ಮತ್ತು ಮಾರುವವನ ನಡುವಿನ ನ್ಯಾಯ. ಅಮೆರಿಕದ ಜಾಲತಾಣಗಳಲ್ಲಿ ಒಂದು ಕಾಲಕ್ಕೆ ಒಂದು ಸೆಂಟ್ ಬೆಲೆಯ ಹಳೆಯ ಪುಸ್ತಕಗಳು ಧಾರಾಳವಾಗಿ ಕಾಣಸಿಗುತ್ತಿದ್ದವು. ಪುಸ್ತಕಕ್ಕೆ ಒಂದು ಸೆಂಟ್, ಸಾಗಣೆಗೆ 3.99 ಡಾಲರ್. ಮಾರುವವನ ಲಾಭವಿದ್ದದ್ದು ಆ ಸಾಗಣೆ ಮೊತ್ತದೊಳಗೆ. ಇ-ಬೇ ಹರಾಜು ತಾಣದಲ್ಲಿಯೂ ಹೀಗೆಯೇ ಆಯಿತು. ತಾಣವು ತನ್ನ ಶುಲ್ಕವನ್ನು ವಸ್ತುವಿನ ಬೆಲೆಯ ಮೇಲೆ ಮಾತ್ರ ವಿಧಿಸುತ್ತಿದ್ದುದರಿಂದ ಬೆಲೆಯನ್ನು ತಗ್ಗಿಸಿ ಸಾಗಣೆ ವೆಚ್ಚವನ್ನು ಹಿಗ್ಗಿಸುವುದು ಮಾರಾಟಗಾರರಿಗೆ ಲಾಭದಾಯಕವಾಗಿತ್ತು. 2011ರಲ್ಲಿ ಸಾಗಣೆಯೂ ಸೇರಿದ ಒಟ್ಟು ಮೊತ್ತದ ಮೇಲೆ ಶುಲ್ಕ ವಿಧಿಸುವ ಮೂಲಕ ತಾಣವು ಆ ಬಾಗಿಲನ್ನು ಮುಚ್ಚಿತು.

ಗ್ರಾಹಕ ಇಂಥ ಆಟಕ್ಕೆ ಬಲಿಯಾಗುವುದೇಕೆ? ತಂಜಿಮ್ ಹೊಸೇನ್ ಮತ್ತು ಜಾನ್ ಮಾರ್ಗನ್ ಎಂಬ ಅರ್ಥಶಾಸ್ತ್ರಜ್ಞರು ಅದೇ ಹರಾಜು ತಾಣದಲ್ಲಿ ಪ್ರಯೋಗ ನಡೆಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು ಮೊತ್ತ ಒಂದೇ ಆಗಿದ್ದರೂ ಆರಂಭಿಕ ಬೆಲೆ ಕಡಿಮೆ ಇಟ್ಟು ಸಾಗಣೆ ವೆಚ್ಚ ಹೆಚ್ಚು ತೋರಿಸಿದಾಗ ಹೆಚ್ಚು ಮಂದಿ ಬಿಡ್ ಮಾಡಿದರು, ಮಾರುವವನಿಗೂ ಹೆಚ್ಚು ಹಣ ಬಂತು. ಮನುಷ್ಯನ ಕಣ್ಣು ಮೊದಲು ಕಂಡ ಅಂಕಿಗೇ ಅಂಟಿಕೊಳ್ಳುತ್ತದೆ.

ನಮ್ಮ ಕಾನೂನು ಈ ವಿಷಯದಲ್ಲಿ ಹಿಂದುಳಿದಿಲ್ಲ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಮಾರಾಟಗಾರನು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕು. ಅಂಚೆ, ನಿರ್ವಹಣೆ, ತೆರಿಗೆ ಇತ್ಯಾದಿಗಳ ವಿವರವನ್ನೂ ಕೊಡಬೇಕು. ಬೆಲೆಯನ್ನು ಹಂತಹಂತವಾಗಿ ಹನಿಹನಿಯಾಗಿ ಏರಿಸುತ್ತ ಹೋಗುವ ತಂತ್ರವನ್ನು 2023ರ ನವೆಂಬರ್‌ನಲ್ಲಿ ಹೊರಬಿದ್ದ ಕೇಂದ್ರ ಮಾರ್ಗಸೂಚಿ ಅನುಚಿತ ವ್ಯಾಪಾರ ತಂತ್ರಗಳ ಪಟ್ಟಿಗೆ ಸೇರಿಸಿತು. ಆದರೆ 2020ರ ನಿಯಮಗಳು, ನಿಯತವಾಗಿ ವ್ಯಾಪಾರ ಮಾಡದೆ ವೈಯಕ್ತಿಕ ನೆಲೆಯಲ್ಲಿ ಮಾರುವ ವ್ಯಕ್ತಿಗೆ ಅನ್ವಯಿಸುವುದಿಲ್ಲ. ಈ ವಿನಾಯಿತಿ ಸರಿಯಾದದ್ದೇ. ನಾಲ್ಕು ಪುಸ್ತಕ ಮಾರುವವನ ಮೇಲೆ ವ್ಯಾಪಾರಿಯ ಕಟ್ಟುಪಾಡುಗಳನ್ನು ಹೇರಲಾಗದು. ಹಳೆಯ ಪುಸ್ತಕಗಳ ಬಹಳಷ್ಟು ವಹಿವಾಟು ನಡೆಯುವುದು ಇಂಥ ಬಿಡಿ ವ್ಯಕ್ತಿಗಳ ನಡುವೆಯೇ. ಕಾನೂನು ತಲುಪದ ಆ ಜಾಗದಲ್ಲಿ ಉಳಿಯುವುದು ಪರಸ್ಪರ ನಂಬಿಕೆಯೊಂದೇ.

ಒಮ್ಮೆ ಮುದ್ರಣದಲ್ಲಿಲ್ಲದ ಅರ್ಥಶಾಸ್ತ್ರದ ಕನ್ನಡ ಪುಸ್ತಕವೊಂದನ್ನು ಅಪರಿಚಿತರೊಬ್ಬರಿಂದ ತರಿಸಿಕೊಂಡೆ. ಪುಸ್ತಕಕ್ಕೆ 90 ರೂಪಾಯಿ, ಅಂಚೆಗೆ 120 ರೂಪಾಯಿ ತೆತ್ತೆ. ಬಂದ ಪೊಟ್ಟಣದ ಮೇಲಿನ ಚೀಟಿಯಲ್ಲಿ ಮುದ್ರಿತವಾಗಿದ್ದ ಅಂಚೆ ಶುಲ್ಕ 50 ರೂಪಾಯಿಯನ್ನೂ ಮುಟ್ಟಿರಲಿಲ್ಲ. ಮೋಸಹೋದೆನೆಂಬ ಬೇಸರ ಬಹಳ ದಿನ ಉಳಿಯಿತು. ಮುಂದೆ ನನ್ನದೇ ಕೆಲವು ಪುಸ್ತಕಗಳನ್ನು ಮಾರಿ ಕಳುಹಿಸುವ ಸಂದರ್ಭ ಬಂದಾಗ ಲೆಕ್ಕದ ಇನ್ನೊಂದು ಬದಿ ಕಂಡಿತು. ರಟ್ಟು, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹೊದಿಕೆ, ಅಂಟುಪಟ್ಟಿ, ಅಂಚೆ ಕಚೇರಿಗೆ ಆಟೋ ಬಾಡಿಗೆ, ಸರದಿಯಲ್ಲಿ ಮುಕ್ಕಾಲು ಗಂಟೆ. ಇವೆಲ್ಲವೂ ನಿಜವಾದ ವೆಚ್ಚಗಳೇ. ಆ ಅಪರಿಚಿತರು ಕೇಳಿದ ಒಟ್ಟು 210 ರೂಪಾಯಿ ಹೆಚ್ಚಾಗಿರಲಿಲ್ಲವೇನೋ. ತಪ್ಪಿದ್ದದ್ದು ಮೊತ್ತದಲ್ಲಲ್ಲ, ಅದಕ್ಕೆ ಕೊಟ್ಟ ಹೆಸರಿನಲ್ಲಿ. ಶ್ರಮಕ್ಕೆ ಬೆಲೆ ಬೇಕಿದ್ದರೆ ಅದನ್ನು ಪುಸ್ತಕದ ಬೆಲೆಯಲ್ಲಿಯೋ, ಕಟ್ಟುವ ಖರ್ಚೆಂದೋ ಕೇಳಬೇಕು. ಅಂಚೆ ವೆಚ್ಚವೆಂದು ಕೇಳಿದ್ದು ಅಂಚೆಗೇ ಹೋಗಬೇಕು.

ಈ ತತ್ತ್ವದಿಂದ ಕೆಲವು ಸರಳ ನಡಾವಳಿಗಳು ಹುಟ್ಟುತ್ತವೆ. ಒಟ್ಟು ಮೊತ್ತವನ್ನು ಮೊದಲೇ ತಿಳಿಸುವುದು. ಒಂದೇ ಪೊಟ್ಟಣದಲ್ಲಿ ಮೂರು ಪುಸ್ತಕ ಹೋಗುವಾಗ ಮೂರು ಸಲ ಅಂಚೆ ವೆಚ್ಚ ಪಡೆಯದಿರುವುದು. ಪುಸ್ತಕ ವರ್ಣಿಸಿದಂತಿಲ್ಲದಿದ್ದರೆ ಹಿಂದಿರುಗಿಸುವ ಖರ್ಚನ್ನು ಮಾರುವವನು, ಮನಸ್ಸು ಬದಲಾದುದಕ್ಕೆ ಹಿಂದಿರುಗಿಸಿದರೆ ಕೊಳ್ಳುವವನು ಹೊರುವುದು. ವಿ.ಪಿ.ಪಿ. ಮೂಲಕ ಪುಸ್ತಕ ತರಿಸುತ್ತಿದ್ದ ಕಾಲದಲ್ಲಿ, ಪೊಟ್ಟಣ ಬಂದಾಗ ಹಣ ಕೊಡದೆ ಮರಳಿಸಿದವರಿಂದ ಪ್ರಕಾಶಕರು ಅನುಭವಿಸಿದ ನಷ್ಟ ಕಡಿಮೆಯದಲ್ಲ. ಅನ್ಯಾಯ ಯಾವಾಗಲೂ ಮಾರುವವನ ಕಡೆಯಿಂದಲೇ ಆಗುತ್ತದೆಂದು ಭಾವಿಸಬೇಕಾಗಿಲ್ಲ.

ಸರ್ಕಾರದ ಪಾಲು

ಎರಡನೆಯ ಮುಖ ಹೆಚ್ಚು ಗಂಭೀರವಾದದ್ದು. ಇಬ್ಬರೂ ಪ್ರಾಮಾಣಿಕರಾಗಿದ್ದಾಗಲೂ ಅಂಚೆ ದರವೇ ಪುಸ್ತಕದ ಬೆಲೆಯನ್ನು ಮೀರಿದರೆ ವಹಿವಾಟು ನಡೆಯುವುದಿಲ್ಲ. ಇದನ್ನರಿತೇ ನಮ್ಮ ಅಂಚೆ ವ್ಯವಸ್ಥೆ ದಶಕಗಳ ಕಾಲ ಪುಸ್ತಕಗಳಿಗೆ ರಿಯಾಯಿತಿ ದರ ನೀಡುತ್ತ ಬಂದಿತ್ತು. ನೋಂದಾಯಿತ ಬುಕ್ ಪೋಸ್ಟ್‌ನಲ್ಲಿ 5 ಕಿಲೋ ಪುಸ್ತಕಗಳನ್ನು ದೇಶದ ಯಾವುದೇ ಮೂಲೆಗೆ ಸುಮಾರು 80 ರೂಪಾಯಿಗೆ ಕಳುಹಿಸಬಹುದಾಗಿತ್ತು. 2024ರ ಡಿಸೆಂಬರ್ 18ರಂದು ಈ ಸೇವೆ ಇದ್ದಕ್ಕಿದ್ದಂತೆ ನಿಂತುಹೋಯಿತು. ಅಂಚೆ ಕಚೇರಿಯ ಗಣಕಯಂತ್ರದಲ್ಲಿ ಆ ಹೆಸರೇ ಮಾಯವಾಗಿತ್ತು. ಅದೇ ತೂಕವನ್ನು ನೋಂದಾಯಿತ ಪಾರ್ಸೆಲ್ ಆಗಿ ಕಳುಹಿಸಲು ಎರಡು ಪಟ್ಟಿಗೂ ಹೆಚ್ಚು ತೆರಬೇಕಾಯಿತು. ಪ್ರಕಾಶಕರೂ ಓದುಗರೂ ಪ್ರತಿಭಟಿಸಿದರು.

2025ರ ಮೇ 1ರಂದು ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಆರಂಭವಾದದ್ದು ಸ್ವಾಗತಾರ್ಹ. ಆರಂಭಿಕ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಪ್ರತ್ಯೇಕ. ಪೊಟ್ಟಣ ಎಲ್ಲಿದೆಯೆಂದು ತಿಳಿಯುವ ಅನುಕೂಲವೂ ಉಂಟು. ದೂರವನ್ನು ಲೆಕ್ಕಿಸದ ಈ ದರ ಬೀದರ್‌ನ ಓದುಗನಿಗೂ ಬೆಂಗಳೂರಿನ ಓದುಗನಿಗೂ ಒಂದೇ ಎಂಬುದು ಇದರ ದೊಡ್ಡ ಗುಣ.

ಆದರೆ ನಿಯಮಗಳನ್ನು ಓದಿದಾಗ ಕೆಲವು ಸಂದೇಹಗಳು ಏಳುತ್ತವೆ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ ಮತ್ತು ಧಾರ್ಮಿಕ ಪುಸ್ತಕಗಳಿಗೆ ಮಾತ್ರ ಈ ದರ. ಹಳೆಯ ಪತ್ತೇದಾರಿ ಕಾದಂಬರಿ ಯಾವ ವರ್ಗಕ್ಕೆ ಸೇರುತ್ತದೆ? ಅಡುಗೆ ಪುಸ್ತಕ? ಇದನ್ನು ತೀರ್ಮಾನಿಸುವ ಹೊರೆ ಕೌಂಟರಿನ ಗುಮಾಸ್ತನ ಮೇಲೆ ಬೀಳುತ್ತದೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು ಎಂಬ ನಿಯಮವಿದೆ. ಹೊಸ ಪುಸ್ತಕಕ್ಕೆ ಇದು ತೊಡಕಲ್ಲ; ಮೊದಲ ಹಾಳೆಗಳನ್ನೇ ಕಳೆದುಕೊಂಡ ಐವತ್ತು ವರ್ಷ ಹಳೆಯ ಪ್ರತಿಗೆ ತೊಡಕು. ನಿಯತಕಾಲಿಕಗಳು ಈ ಸೇವೆಯಿಂದ ಹೊರಗುಳಿದಿವೆ. ‘ಸಾಕ್ಷಿ’, ‘ಸಂಕ್ರಮಣ’, ‘ರುಜುವಾತು’ಗಳ ಹಳೆಯ ಸಂಚಿಕೆಗಳನ್ನು ಹುಡುಕುವ ಸಂಶೋಧಕನಿಗೆ ಅವು ಯಾವ ಗ್ರಂಥಕ್ಕೂ ಕಡಿಮೆಯಲ್ಲ. ನಿಯಮ ರೂಪಿಸಿದವರ ಮನಸ್ಸಿನಲ್ಲಿ ಇದ್ದದ್ದು ಹೊಸ ಪುಸ್ತಕ. ಹಳೆಯದು ಅವರಿಗೆ ನೆನಪಾದಂತಿಲ್ಲ.

ತೆರಿಗೆಯದೂ ಇದೇ ಕಥೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. 2022ರ ಜುಲೈನಲ್ಲಿ ಅಂಚೆ ಇಲಾಖೆಯ ಸೇವೆಗಳಿಗೆ ಈ ತೆರಿಗೆಯನ್ನು ವಿಸ್ತರಿಸಿದಾಗಲೂ ಅಂಚೆ ಕಾರ್ಡು, ಇನ್‌ಲ್ಯಾಂಡ್ ಪತ್ರಗಳ ಜೊತೆಗೆ ಬುಕ್ ಪೋಸ್ಟ್‌ಗೆ ವಿನಾಯಿತಿ ಉಳಿದಿತ್ತು. ಹೊಸ ಹೆಸರಿನ ಸೇವೆಯಾದರೋ ತೆರಿಗೆಯನ್ನು ಹೊತ್ತುಕೊಂಡೇ ಬಂದಿತು. ಪುಸ್ತಕಕ್ಕೆ ತೆರಿಗೆಯಿಲ್ಲ, ಅದನ್ನು ಓದುಗನಿಗೆ ತಲುಪಿಸುವುದಕ್ಕೆ ತೆರಿಗೆಯಿದೆ ಎಂಬುದು ಅಸಂಗತ.

ಇದಕ್ಕಿಂತ ಮುಖ್ಯವಾದದ್ದು ನಿರ್ಧಾರದ ರೀತಿ. 1898ರ ಕಾಯಿದೆಯ ಸ್ಥಾನದಲ್ಲಿ 2024ರ ಜೂನ್ 18ರಂದು ಜಾರಿಗೆ ಬಂದ ಹೊಸ ಅಂಚೆ ಕಚೇರಿ ಕಾಯಿದೆಯು ದರ ನಿಗದಿಯ ಅಧಿಕಾರವನ್ನು ಅಂಚೆ ಸೇವೆಗಳ ಮಹಾನಿರ್ದೇಶಕರಿಗೆ ಕೊಟ್ಟಿದೆ. ಆಡಳಿತದಲ್ಲಿ ಜೀವಮಾನ ಕಳೆದವನಾಗಿ ಇಂಥ ಅಧಿಕಾರದ ಅನುಕೂಲ ನನಗೆ ತಿಳಿಯದ್ದಲ್ಲ. ಸ್ಪರ್ಧೆಯ ಯುಗದಲ್ಲಿ ಪ್ರತಿ ದರಕ್ಕೂ ಸಂಸತ್ತಿನ ದಾರಿ ಕಾಯಲಾಗದು. ಆದರೆ ಪುಸ್ತಕದ ರಿಯಾಯಿತಿ ದರ ಕೇವಲ ವ್ಯಾಪಾರದ ದರವಲ್ಲ, ಅದು ಸಾರ್ವಜನಿಕ ನೀತಿ. ಅದನ್ನು ಬದಲಿಸುವ ಮುನ್ನ ಪ್ರಕಟಣೆ, ಆಕ್ಷೇಪಣೆಗೆ ಅವಕಾಶ, ಕಾರಣಗಳ ವಿವರಣೆ ಇವಿಷ್ಟಾದರೂ ಇರಬೇಕಾದದ್ದು ಕನಿಷ್ಠ ಮರ್ಯಾದೆ.

ಈ ವಿಷಯದಲ್ಲಿ ಅಮೆರಿಕದ ಉದಾಹರಣೆ ಗಮನಾರ್ಹ. 1938ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಪುಸ್ತಕಗಳಿಗೆ ದೂರವನ್ನು ಲೆಕ್ಕಿಸದೆ ಪೌಂಡಿಗೆ ಒಂದೂವರೆ ಸೆಂಟ್ ದರವನ್ನು ಘೋಷಿಸಿದರು. ಅದರ ವಂಶಸ್ಥ ‘ಮೀಡಿಯಾ ಮೇಲ್’ ಎಂಬ ಹೆಸರಿನಲ್ಲಿ ಅಲ್ಲಿನ ಹಳೆಯ ಪುಸ್ತಕಗಳ ವ್ಯಾಪಾರಕ್ಕೆ ಆಧಾರವಾಯಿತು. ಅಲ್ಲಿ ನೋಡುವುದು ಪೊಟ್ಟಣದೊಳಗೆ ಪುಸ್ತಕವಿದೆಯೇ ಎಂಬುದನ್ನು. ಅದು ಹೊಸದೋ ಹಳೆಯದೋ, ಕಳುಹಿಸಿದವನು ವ್ಯಾಪಾರಿಯೋ ವಿದ್ಯಾರ್ಥಿಯೋ ಎಂಬುದನ್ನಲ್ಲ. ದುರುಪಯೋಗದ ಸಂದೇಹ ಬಂದರೆ ಪೊಟ್ಟಣವನ್ನು ತೆರೆದು ನೋಡುವ ಅಧಿಕಾರ ಅಂಚೆಯವರಿಗಿದೆ. ನಮ್ಮ ಬುಕ್ ಪೋಸ್ಟ್ ಪೊಟ್ಟಣವನ್ನೂ ಪರೀಕ್ಷೆಗೆ ಅನುಕೂಲವಾಗುವಂತೆ ತುದಿ ತೆರೆದೇ ಕಟ್ಟುವ ಪದ್ಧತಿಯಿತ್ತು.

ಆಕ್ಷೇಪಣೆಗಳಿಲ್ಲವೆಂದಲ್ಲ. ಅಂಚೆ ಇಲಾಖೆಯ ವೆಚ್ಚ ಆದಾಯವನ್ನು ಮೀರಿದೆ, ಮತ್ತೊಂದು ರಿಯಾಯಿತಿಯನ್ನು ತೆರಿಗೆದಾರ ಏಕೆ ಹೊರಬೇಕು ಎನ್ನಬಹುದು. ದೇಶದ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಬಹುಪಾಲು ಗ್ರಾಮಾಂತರದವು. ಅಂಚೆಯವನು ಅಲ್ಲಿಗೆ ಹೇಗೂ ಹೋಗಲೇಬೇಕು. ಆ ಚೀಲಕ್ಕೆ ಇನ್ನೊಂದು ಪುಸ್ತಕ ಸೇರಿದರೆ ಆಗುವ ಹೆಚ್ಚುವರಿ ವೆಚ್ಚ ಅಲ್ಪ. ಹಳೆಯ ಪುಸ್ತಕದ ಮಾರಾಟದಿಂದ ಲೇಖಕನಿಗೆ ಗೌರವಧನ ಬರುವುದಿಲ್ಲ ಎಂಬ ಮಾತು ನಿಜ. ಆದರೆ ಮುದ್ರಣದಲ್ಲಿಲ್ಲದ ಪುಸ್ತಕದಿಂದ ಅದು ಹೇಗೂ ಬರುವುದಿಲ್ಲ. ಹಳೆಯ ಪ್ರತಿಯೊಂದು ಹೊಸ ಓದುಗನನ್ನು ತಲುಪಿದರೆ ಮರುಮುದ್ರಣದ ಬೇಡಿಕೆಯಾದರೂ ಹುಟ್ಟೀತು.

ಆಗಬೇಕಾದದ್ದು ಹೆಚ್ಚೇನಲ್ಲ. ಮುದ್ರಿತ ಪುಸ್ತಕವೆಲ್ಲವೂ, ಹೊಸದಿರಲಿ ಹಳೆಯದಿರಲಿ, ವಿಷಯವನ್ನು ವಿಚಾರಿಸದೆ ರಿಯಾಯಿತಿಗೆ ಅರ್ಹವೆಂದು ಸ್ಪಷ್ಟಪಡಿಸಬೇಕು. ಹಳೆಯ ನಿಯತಕಾಲಿಕಗಳನ್ನೂ ಅದರೊಳಗೆ ತರಬೇಕು. ಬುಕ್ ಪೋಸ್ಟ್‌ಗಿದ್ದ ತೆರಿಗೆ ವಿನಾಯಿತಿಯನ್ನು ಹೊಸ ಸೇವೆಗೂ ಕೊಡಬೇಕು. ದರ ಬದಲಾಗುವುದಾದರೆ ಮುಂಚಿತವಾಗಿ ತಿಳಿಸಬೇಕು. ಗ್ರಂಥಾಲಯಕ್ಕೆಂದು ಆಸ್ತಿ ತೆರಿಗೆಯ ಮೇಲೆ ಕರ ವಿಧಿಸುವ ರಾಜ್ಯ ನಮ್ಮದು. ಇದನ್ನು ಕೇಂದ್ರದ ಮುಂದಿಡುವ ನೈತಿಕ ಅಧಿಕಾರ ನಮ್ಮ ಜನಪ್ರತಿನಿಧಿಗಳಿಗಿದೆ.

ಉಳಿದದ್ದು ನಮ್ಮದೇ ಕೈಯಲ್ಲಿದೆ. ‘ಅಂಚೆ ವೆಚ್ಚ ಪ್ರತ್ಯೇಕ’ ಎಂದು ಬರೆಯುವವನು ಆ ವೆಚ್ಚವೆಷ್ಟೆಂಬುದನ್ನೂ ಅಲ್ಲಿಯೇ ಬರೆಯಲಿ. ಸರ್ಕಾರ ಆ ವೆಚ್ಚವನ್ನು ಪುಸ್ತಕದ ಬೆಲೆಗಿಂತ ಕೆಳಗಿರಿಸಲಿ. ಹಳೆಯ ಪುಸ್ತಕವೊಂದು ಓದುವವನ ಮನೆ ಸೇರಲು ಇಷ್ಟು ಸಾಕು.